ಕಡಲಜ್ಜಿಯ ನಗು

ಬೇಲೆಕೇರಿಯ ಗಂಗೂ ನಕ್ಕರೆ ದೋಣಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅದಕ್ಕಾಗಿಯೇ ಅತ್ತೆಯಿಂದ ಬೈಸಿಕೊಂಡಿದ್ದಳು. ಅರವತ್ತು ದಾಟಿ, ಮನೆಮನೆಗೆ ಮೀನು ಮಾರುವಾಗಲೂ ಆ ನಗು ತಗ್ಗಿರಲಿಲ್ಲ.

ಕಳೆದ ವರ್ಷ ಮಕ್ಕಳ ಹಳೆಯ ಕಾದಂಬರಿಯೊಂದನ್ನು ಸಿನಿಮಾ ಮಾಡುವವರು ಅಲ್ಲಿಯ ದಂಡೆಗೆ ಬಂದಿಳಿದರು. ಕತೆಯಲ್ಲಿ ಕಡಲ ತಳದ ಅಜ್ಜಿ ನಕ್ಕರೆ ಅಲೆ ಏಳಬೇಕು. ನಟಿ ಎಷ್ಟು ಸಲ ನಕ್ಕರೂ ನಿರ್ದೇಶಕಿ ಹರಿಣಿಗೆ ಸಮಾಧಾನವಾಗಲಿಲ್ಲ. ಬುಟ್ಟಿ ಇಳಿಸಿ ನೋಡುತ್ತ ನಿಂತಿದ್ದ ಗಂಗೂಗೆ ತಡೆಯಲಾಗದೆ ನಗು ಉಕ್ಕಿತು. ಹರಿಣಿ ಓಡಿ ಬಂದಳು.

“ಅಮ್ಮಾ, ಈ ಪಾತ್ರ ನೀವೇ ಮಾಡ್ತೀರಾ?”

“ಪಾತ್ರ ಗೀತ್ರ ನಂಗೆ ಬರೂದಿಲ್ಲ ಮಗಾ. ನಗೂಕೆ ಬೇಕಾರೆ ಸಂಜಿವರೆಗೂ ನಗ್ತೆ!”

ಸೋತು ಸುಸ್ತಾಗಿದ್ದ ನಟಿಯೇ ತನ್ನ ಹವಳದ ಕಿರೀಟ ತೆಗೆದು ಗಂಗೂ ತಲೆಗಿಟ್ಟಳು.

ಸಿನಿಮಾ ಕಾರವಾರಕ್ಕೆ ಬಂದ ದಿನ ಗಂಗೂ ತನ್ನ ಮೊಮ್ಮಗಳು ಪ್ರೇಕ್ಷಾಳ ಕೈ ಬಿಗಿಯಾಗಿ ಹಿಡಿದು ಕೂತಿದ್ದಳು. ಪರದೆಯ ತುಂಬ ತನ್ನದೇ ಮುಖ! ಕಡಲಜ್ಜಿ ನಕ್ಕಳು. ಅಲೆ ಬೆಟ್ಟದಷ್ಟು ಎದ್ದಿತು, ಪುಟ್ಟ ನಾಯಕಿಯ ದೋಣಿ ಮೋಡಕ್ಕೆ ಹಾರಿತು. ಮಕ್ಕಳೆಲ್ಲ ಕುರ್ಚಿ ಬಿಟ್ಟೆದ್ದು ಕೇಕೆ ಹಾಕಿ, ಅಜ್ಜಿಯಂತೆಯೇ ನಗತೊಡಗಿದರು. ಗಂಗೂಗೆ ಕಣ್ಣಲ್ಲಿ ನೀರೇ ಬಂತು.

ದೀಪ ಹತ್ತಿ ಜನ ಹೊರಟರೂ ಅವಳು ಏಳಲಿಲ್ಲ.

“ಅಜ್ಜೀ, ಮುಗೀತು, ಬಾ.”

“ಮುಂದಿನ ಆಟ ಎಷ್ಟೊತ್ತಿಗೆ, ಕೇಳ್ಕಂಡ್ ಬಾ ಹೋಗು. ಇನ್ನೊಂದ್ಸಲ ನೋಡ್ಕಂಡೇ ಹೋಗ್ವಾ!”