ಹೋಳಿಗೆಯ ಜೊತೆ ಹೋದ ಸೂಜಿ

ನನಗಾಗ ಅರವತ್ತೆಂಟು. ನಾಲ್ಕು ವರ್ಷದ ಹಿಂದಿನ ಮಾತು. ಹತ್ತಿಮತ್ತೂರಿನ ತಂಗಿಯ ಮನೆಗೆ ಕೌದಿ ಹೊಲಿಯಲು ಹೋಗಿದ್ದೆ. ಹಳೆ ಸೀರೆಗಳನ್ನು ಸೇರಿಸಿ ಹೊಲಿಯುವ ಹೊದಿಕೆ ಅದು. ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ನಮ್ಮ ಕಡೆ ಕೊನೆಯ ಮೂಲೆಯೊಳಗೆ ಒಂದು ತುಂಡು ಹೋಳಿಗೆ ಇಟ್ಟು ಹೊಲಿಯುತ್ತೇವೆ. ಹೋಳಿಗೆ ಇಟ್ಟೆ, ಸೂಜಿಯನ್ನು ಅಲ್ಲೇ ಚುಚ್ಚಿ ಚಹಾ ಕುಡಿಯಲು ಎದ್ದೆ. ಬರುವಷ್ಟರಲ್ಲಿ ತಂಗಿಯ ನಾಯಿ ಮೂಲೆ ಹರಿದು ಹೋಳಿಗೆ ತಿಂದಿತ್ತು. ಸೂಜಿ ಇರಲಿಲ್ಲ. ದಾರದ ತುದಿ ಅದರ ಬಾಯಲ್ಲಿ ಜೋತಾಡುತ್ತಿತ್ತು.

ತಂಗಿಗೆ ಮಕ್ಕಳಿಲ್ಲ. ಮರಿಯಿದ್ದಾಗಿನಿಂದ ತನ್ನ ರೊಟ್ಟಿಯಲ್ಲೇ ಮುರಿದು ಹಾಕಿ ಅದನ್ನು ಸಾಕಿದ್ದಳು. ನಾನು ದಾರ ಎಳೆಯಹೋದೆ, ಅವಳು ಬಿಡಲಿಲ್ಲ.

ಸವಣೂರಿನ ದನದ ಡಾಕ್ಟರು, "ಎಳೀಲಿಲ್ಲ, ಛಲೋ ಆತ್ರಿ. ಸೂಜಿ ಒಳಗ ಇಳದೈತಿ. ಇವತ್ತ ಹುಬ್ಬಳ್ಳಿಗೆ ಒಯ್ಯಿರಿ, ಆಪರೇಷನ್ ಆಗಬೇಕು. ಹದಿನೈದು ಸಾವಿರದ ತನಕ ಖರ್ಚು ಬರ್ತೈತಿ," ಎಂದರು. ತಂಗಿಯ ಹತ್ತಿರ ಅಷ್ಟು ಇರಲಿಲ್ಲ. ನನ್ನ ಹತ್ತಿರ ಎರಡು ಆಡುಗಳಿದ್ದವು.

ಹುಬ್ಬಳ್ಳಿಯ ದಾರಿಯಲ್ಲೇ ನಮ್ಮೂರು ತಡಸ. ಬಾಡಿಗೆ ಗಾಡಿ ನಿಲ್ಲಿಸಿ, ಬಹಳ ದಿನದಿಂದ ಆಡು ಕೇಳುತ್ತಿದ್ದ ಪಕ್ಕದ ಮನೆಯವನನ್ನು ಕೂಗಿದೆ.

"ನಾಯಿ ಸಲುವಾಗಿ ಆಡು ಮಾರ್ತಿಯೇನಬೇ ಆಯಿ? ತಲಿ ಕೆಟ್ಟೈತೇನ ನಿಂದು?"

"ತಲಿ ನಂದು, ಆಡೂ ನಂದು. ರೊಕ್ಕ ತಗಿ."

ಅವನು ಕಡಿಮೆಯೇ ಕೊಟ್ಟ. ಚೌಕಾಸಿಗೆ ಹೊತ್ತಿರಲಿಲ್ಲ.

ನಾಯಿ ಉಳಿಯಿತು. ಮೂರು ದಿನದ ಮೇಲೆ ಹತ್ತಿಮತ್ತೂರಿಗೆ ತಂದಾಗ ಓಣಿಯ ಹೆಂಗಸರು ಕೂಡಿದರು. ಸೂಜಿ ಹೆಂಗ ನುಂಗಿತು ಎಂದು ಕೇಳಿದ್ದಕ್ಕೆ ತಂಗಿ, "ನಾನ ಬಿಟ್ಟಿದ್ನಿ," ಎಂದಳು.

"ಕಣ್ಣ ಎಲ್ಲಿಟ್ಟಿದ್ದಿ ನೀ? ಪುಣ್ಯಾ ಮಾಡಿದಿ, ಇಂಥಾ ಅಕ್ಕ ಸಿಕ್ಕಾಳ," ಎಂದು ಅವಳನ್ನು ಬೈದು ನನ್ನನ್ನು ಹೊಗಳಿದರು. ನಾನು ಸುಮ್ಮನೆ ಕೂತು ಕೇಳಿಸಿಕೊಂಡೆ.

ಅವರು ಹೋದ ಮೇಲೆ ಕೇಳಿದೆ: "ಸುಳ್ಳ ಯಾಕ ಹೇಳಿದಿ?"

"ಇರಲಿ ಬಿಡ ಯಕ್ಕಾ. ಇವರ ಬೈಗಳ ನನಗ ರೂಢಿ ಐತಿ. ನೀ ನಾಕ ದಿನಕ್ಕ ಬಂದಾಕಿ."

ನಾಯಿಯ ಜೀವ ಹೋಗುವ ಹೊತ್ತಲ್ಲೂ ಅವಳು ನನಗೆ ಒಂದು ಮಾತು ಅಂದಿರಲಿಲ್ಲ. ನಾನು ಯಾರಿಗೂ ಉಪಕಾರವಾಯಿತು ಎನ್ನುವವಳಲ್ಲ. ಅವಳಿಗೆ ಅಂದೆ. "ಹುಚ್ಚಿ," ಎಂದು ನಕ್ಕಳು.

ಮರುದಿನ ಬೆಳಿಗ್ಗೆ ಕೊಡ ಹಿಡಿದು ನಲ್ಲಿಗೆ ಹೋದೆ. ನೀರು ಬರುವ ಮುಂಚೆಯೇ, ಸೂಜಿ ಬಿಟ್ಟವಳು ನಾನು ಎಂದು ಎಲ್ಲರೆದುರು ಹೇಳಿದೆ.