ಪೊರಕೆ ರಾಣಿಯ ಸರ್ವರ್

ನನ್ನ ಚಿಕ್ಕ ಅತ್ತಿಗೆ ಸಿಟ್ಟು ಬಂದರೆ ಕೂಗಾಡುವವಳಲ್ಲ, ಸುಮ್ಮನಾಗಿಬಿಡುತ್ತಾಳೆ. ಕೂಗಾಡುವವರನ್ನಾದರೂ ನಂಬಬಹುದು, ಇಂಥವರ ತಂಟೆಗೆ ಹೋಗಬಾರದು ಎಂದು ನನ್ನ ದೊಡ್ಡಣ್ಣನಿಗೆ ಯಾರೂ ಹೇಳಿರಲಿಲ್ಲ.

ನಮ್ಮದು ಪಾರ್ಸೆಲ್ ಸಾಗಿಸುವ ಮನೆಮಂದಿಯ ಕಂಪನಿ. ನೂರಾರು ಲಾರಿಗಳಿವೆ. ದೊಡ್ಡಣ್ಣ ಯಜಮಾನ, ನಾನು ಫೋನ್ ಎತ್ತುವವಳು, ಚಿಕ್ಕ ಅತ್ತಿಗೆ ಡೇಟಾಬೇಸ್ ಸರ್ವರ್ ನೋಡಿಕೊಳ್ಳುವವಳು. ಯಾವ ಡಬ್ಬ ಎಲ್ಲಿದೆ, ಯಾವ ಲಾರಿ ಎಲ್ಲಿ ಓಡುತ್ತಿದೆ, ಎಲ್ಲವೂ ಅದರೊಳಗೆ ಕ್ಷಣಕ್ಷಣಕ್ಕೂ ದಾಖಲಾಗುತ್ತದೆ. ಹಾಗೆ ಬರೆಯುವ ಪ್ರತಿ ವಹಿವಾಟಿಗೂ ಸರ್ವರ್ ಒಂದು ನಂಬರ್ ಕೊಡುತ್ತದೆ. ಆ ನಂಬರುಗಳಿಗೆ ಮಿತಿಯಿದೆ. ಹಳೆಯದನ್ನು ಗುಡಿಸುತ್ತಾ ಬಂದರಷ್ಟೇ ಹೊಸದನ್ನು ಕೊಡಲು ಸಾಧ್ಯ. ಗುಡಿಸುವ ಕೆಲಸ ಹಿಂದುಗಡೆ ತಾನಾಗಿಯೇ ನಡೆಯುತ್ತಿರುತ್ತದೆ. ಇಷ್ಟನ್ನೂ ಅವಳೇ ನನಗೆ ಕಲಿಸಿದ್ದು.

ಅದರಿಂದ ಸಂಜೆಯ ವರದಿ ತಡವಾಗುತ್ತದೆಂದು ದೊಡ್ಡಣ್ಣ ಗುಡಿಸುವುದನ್ನೇ ನಿಲ್ಲಿಸಿಬಿಟ್ಟ. ಅವಳು ಬೇಡವೆಂದಳು, ದಿನಾ ಬೇಡವೆಂದಳು. ಸರ್ವರ್ ಆಮೆಯಾಯಿತು. ಒಂದು ಬೆಳಿಗ್ಗೆ ಡ್ರೈವರುಗಳೆಲ್ಲ ಚೀಟಿಗಾಗಿ ಕಾದು ನಿಂತಿದ್ದಾಗ ಅವನು ಒಳಗೆ ನುಗ್ಗಿ, ಕೆಲಸದಲ್ಲಿದ್ದವಳ ಕುರ್ಚಿಯನ್ನು ಹಿಂದಕ್ಕೆಳೆದ.

"ಏಳಮ್ಮ, ಪೊರಕೆ ರಾಣಿ. ಗುಡಿಸೋದು ಅಷ್ಟು ಇಷ್ಟ ಇದ್ರೆ ಗೋದಾಮು ಗುಡಿಸು ಹೋಗು. ಇದಕ್ಕೆ ಹೊರಗಿನವರನ್ನ ಕರೆಸ್ತೀನಿ."

ಡ್ರೈವರುಗಳು ಹಲ್ಲು ಕಿರಿದರು. ಅವಳ ಗಂಡ, ಅಂದರೆ ನನ್ನ ಚಿಕ್ಕಣ್ಣ, ನೆಲ ನೋಡುತ್ತ ನಿಂತ. ಅಂದಿನಿಂದ ಅವಳಿಗೆ ಆ ಹೆಸರೇ ಅಂಟಿಕೊಂಡಿತು. ಕೆಲಸ, ಕೌಂಟರಿನಲ್ಲಿ ಕೂತು ಡಬ್ಬಗಳಿಗೆ ಚೀಟಿ ಅಂಟಿಸುವುದು.

ಅಲ್ಲಿ ಕೂತು ಅವಳು ಕಾದಳು. ಎಷ್ಟೋ ತಿಂಗಳ ನಂತರ ಚೀಟಿ ತೆಗೆಯುವ ಕಂಪ್ಯೂಟರಿನ ಪರದೆಯ ಕೆಳಗೆ ಎಚ್ಚರಿಕೆ ಬರತೊಡಗಿತು: ನಂಬರುಗಳು ಮುಗಿಯುತ್ತಿವೆ, ಗುಡಿಸಿ.

"ಅಣ್ಣನಿಗೆ ಹೇಳೋಣ್ವಾ ಅತ್ತಿಗೆ?" ಎಂದೆ.

"ಕೇಳಿದ್ರೆ ಹೇಳೋಣ. ಯಾರೂ ಕೇಳ್ಲಿಲ್ವಲ್ಲ."

ದಿನವೂ ಆ ಸಾಲು ಓದಿ, ತುಟಿಯಂಚಿನಲ್ಲಿ ನಕ್ಕು, ಮುಂದಿನ ಡಬ್ಬಕ್ಕೆ ಕೈ ಹಾಕುವಳು. ಸುಳ್ಳೇಕೆ, ನನಗೂ ಒಳಗೊಳಗೇ ಖುಷಿಯಿತ್ತು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ.

ಕೊನೆಗೆ ಸರ್ವರ್ ಕೈಯೆತ್ತಿತು. ಹಳೆಯದನ್ನು ತೋರಿಸುತ್ತದೆ, ಹೊಸದನ್ನು ಬರೆದುಕೊಳ್ಳುವುದಿಲ್ಲ. ಅಂಗಳದ ತುಂಬ ಲಾರಿಗಳು ನಿಂತವು. ಹೊರಗಿನಿಂದ ಬಂದ ಪಂಡಿತ ಸರ್ವರನ್ನು ಆರಿಸಿ ಹಚ್ಚಿದ, ಮತ್ತೆ ಆರಿಸಿ ಹಚ್ಚಿದ, ಆಮೇಲೆ ಫೋನ್ ಬಂತೆಂದು ಆಚೆ ಹೋದವನು ತಿರುಗಿ ಬರಲೇ ಇಲ್ಲ. ದೊಡ್ಡಣ್ಣ ಕೌಂಟರಿಗೆ ಬಂದ.

"ಸ್ವಲ್ಪ ನೋಡಮ್ಮ."

"ನೋಡ್ತೀನಿ ಭಾವ. ಮೊದ್ಲು ಅವತ್ತು ನಕ್ಕವರನ್ನೆಲ್ಲ ಕರೀರಿ. ಅತ್ತೆಯವರೂ ಬರ್ಲಿ. ಗುಡಿಸೋದನ್ನ ನಿಲ್ಸಿದ್ದು ನಾನು, ಇದೆಲ್ಲ ನಿಂತಿದ್ದು ನನ್ನಿಂದ ಅಂತ ಅವರೆದುರು ನೀವೇ ಹೇಳಿ."

ಎಲ್ಲರೂ ಬಂದು ಸೇರಿದ ಮೇಲೆ ಅವನು ಅಮ್ಮನ ಮುಖ ನೋಡಿದ. "ಹೇಳೋ," ಎಂದಳು ಅಮ್ಮ. ಹೇಳಿದ, ಕಾಲರಿನೊಳಗೆ ಗೊಣಗಿಕೊಂಡ ಹಾಗೆ. ನನ್ನ ಹೊಟ್ಟೆ ತಣ್ಣಗಾಯಿತು.

ಅತ್ತಿಗೆ ಸರ್ವರಿನ ಮುಂದೆ ಕೂತು ಗುಡಿಸಲು ಹಚ್ಚಿದಳು. ಗುಡಿಸಿಯಾಯಿತು ಎಂದಿತು, ಆದರೆ ಹಳೆಯ ನಂಬರ್ ಇದ್ದಲ್ಲಿಂದ ಕದಲಲಿಲ್ಲ. ಮತ್ತೆ ಹಚ್ಚಿದಳು. ಊಹೂಂ. ಆಗ ಆ ಎಚ್ಚರಿಕೆಯನ್ನು ಮೊದಲ ಬಾರಿಗೆ ಪೂರ್ತಿ ಓದಿದಳು. ಅದಕ್ಕೆ ಎರಡನೆಯ ಸಾಲೂ ಇತ್ತು: ಅರ್ಧಕ್ಕೆ ನಿಂತ ಹಳೆಯ ವಹಿವಾಟು ಉಳಿದಿದೆಯೇ ನೋಡಿ.

ಒಂದೇ ಒಂದು ಉಳಿದಿತ್ತು. ಮುಚ್ಚಿಹೋದ ಶಾಖೆಯ ಪಾರ್ಸೆಲ್ಲುಗಳನ್ನು ಬೇರೆ ಶಾಖೆಗೆ ಸೇರಿಸುವ ಕೆಲಸ. ಎಲ್ಲ ಸಿದ್ಧಮಾಡಿ, ಆಗಲಿ ಎಂದೂ ಹೇಳದೆ ಬೇಡ ಎಂದೂ ಹೇಳದೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬಿಟ್ಟದ್ದು. ಸರ್ವರನ್ನು ಎಷ್ಟು ಸಲ ಆರಿಸಿದರೂ ಅಂಥದ್ದು ಹೋಗುವುದಿಲ್ಲ. ಎದುರಿಗಿದ್ದ ಹೆಸರು ಅವಳದು. ತಾರೀಖು, ಅವಳನ್ನು ಕುರ್ಚಿಯಿಂದ ಎಬ್ಬಿಸಿದ ಬೆಳಗಿನದು.

ನಾನು ಅವಳ ಬೆನ್ನ ಹಿಂದೆಯೇ ನಿಂತಿದ್ದೆ. ಗುಡಿಸುವುದನ್ನು ಯಾರು ನಿಲ್ಲಿಸಿದ್ದರೂ, ನಂಬರ್ ಮುಗಿಯುವ ಅಪಾಯ ಬಂದಾಗ ಸರ್ವರ್ ಯಾರಪ್ಪನ ಮಾತನ್ನೂ ಕೇಳದೆ ತಾನೇ ಗುಡಿಸಿಕೊಳ್ಳುತ್ತದೆ. ಇದೂ ಅವಳೇ ಕಲಿಸಿದ್ದು. ಅಣ್ಣನಿಂದ ಆದದ್ದು ಬರೀ ನಿಧಾನ. ಗುಡಿಸಲು ಬಿಡದೆ ಅಡ್ಡ ಕೂತಿದ್ದು ಅವಳ ಈ ಅರ್ಧ ವಹಿವಾಟು.

ಅವಳ ಕಿವಿಯೆಲ್ಲ ಕೆಂಪಾಯಿತು. ತಿರುಗಿ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯಲಿಲ್ಲ. ಅವಳು ಒಂದು ಸಾಲಿನ ಆದೇಶ ಬರೆದು ಆ ವಹಿವಾಟನ್ನು ರದ್ದುಮಾಡಿ ಮತ್ತೆ ಗುಡಿಸಲು ಹಚ್ಚಿದಳು. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಚೀಟಿಯ ಯಂತ್ರ ಕಿರಗುಟ್ಟಿತು, ಡ್ರೈವರುಗಳು ಹೋ ಎಂದರು.

ದೊಡ್ಡಣ್ಣ ಬಾಗಿಲಲ್ಲಿ ನಿಂತಿದ್ದ. "ಇಷ್ಟೂ ನನ್ನಿಂದ್ಲೇ ಆಯ್ತೇನಮ್ಮ? ನಿಜವಾಗ್ಲೂ?" ಎಂದು ಅತ್ತಿಗೆಯನ್ನು ಕೇಳಿದ. ಹುಟ್ಟಿದಾಗಿನಿಂದ ಅವನ ಮೇಲೆ ಬಾರದ ಕನಿಕರ ನನಗೆ ಆಗ ಬಂತು.

ಅತ್ತಿಗೆ ಪರದೆಯ ಮೇಲಿದ್ದುದನ್ನು ಅಳಿಸಿದಳು.

"ಹಿಂದೆ ನಿಂತವರಿಗೆ ಸರಿಯಾಗಿ ಕೇಳಿಸ್ಲಿಲ್ಲ ಭಾವ. ಇನ್ನೊಂದ್ಸಲ ಗಟ್ಟಿಯಾಗಿ ಹೇಳ್ಬಿಡಿ."

ಅವನು ಅಂಗಳಕ್ಕಿಳಿದು ಹೇಳಿದ.