ಫಿಫ್ಟಿ ಸಾಹೇಬರ ಕೆರೆ

ಫಿಫ್ಟಿ ಸಾಹೇಬರು ಕೆಟ್ಟವರೇನಲ್ಲ. ಕೆಟ್ಟವರಾಗೋದಕ್ಕೂ ಒಂದು ಕಡೆ ಗಟ್ಟಿಯಾಗಿ ನಿಲ್ಲಬೇಕು ನೋಡಿ, ಅಷ್ಟು ಎದೆಗಾರಿಕೆ ಆ ಮಹಾನುಭಾವರಿಗೆ ಹುಟ್ಟಿದಾಗಿನಿಂದಲೂ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಒಂದು ಲೆಕ್ಕ ಕೇಳಿದರು. ಅರ್ಧ ತರಗತಿ ಐದು ಅಂತು, ಇನ್ನರ್ಧ ಏಳು ಅಂತು. ನಮ್ಮ ಹುಡುಗ ಎದ್ದು ನಿಂತು, ಎರಡೂ ಕಡೆ ಮುಖ ನೋಡಿ, “ಆರು ಸಾರ್” ಅಂದ. ಉತ್ತರ ಏಳು. ಆದರೂ ಯಾರಿಗೂ ಅವನ ಮೇಲೆ ಸಿಟ್ಟು ಬರಲಿಲ್ಲ. ಮೇಷ್ಟ್ರು ಬಿದ್ದು ಬಿದ್ದು ನಕ್ಕು, “ನೀನು ದೊಡ್ಡ ಆಫೀಸರ್ ಆಗ್ತೀಯ ಕಣೋ” ಅಂದರು. ಪಾಪ, ಅವರು ತಮಾಷೆಗೆ ಅಂದದ್ದು.

ಆಫೀಸರ್ ಮಾಡಿದ್ದು ಅಕ್ಕ. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದ ಮೇಲೆ ತಮ್ಮನನ್ನು ಸಾಕಿದವಳು ಅವಳೇ. ಊರಂಚಿನ ಬಡಾವಣೆಯಲ್ಲಿ ಸಣ್ಣ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದೆ ಅಡುಗೆಮನೆ. ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಹೊಲಿದು ಅವನನ್ನು ಓದಿಸಿದಳು. ಬಂದ ಸಂಬಂಧಗಳನ್ನೆಲ್ಲ “ಮೊದಲು ಇವನದೊಂದು ದಾರಿ ಆಗಲಿ” ಅಂತ ಮುಂದೂಡಿದಳು. ಮುಂದೂಡುತ್ತಾ ಮುಂದೂಡುತ್ತಾ ವಯಸ್ಸೇ ದಾಟಿಹೋಯಿತು.

ಫಿಫ್ಟಿ ಅನ್ನೋ ಹೆಸರು ಬಿದ್ದದ್ದು ಕಚೇರಿಯಲ್ಲಿ. ಒಬ್ಬ ಗುಮಾಸ್ತನಿಗೆ ಫ್ಯಾನ್ ಬೇಕು, ಪಕ್ಕದವನಿಗೆ ಫ್ಯಾನ್ ಕಂಡರೆ ನೆಗಡಿ. ಸಾಹೇಬರು ನ್ಯಾಯ ತೀರಿಸಿದರು: ಫ್ಯಾನ್ ತಿರುಗಲಿ, ಆದರೆ ಗಾಳಿ ಬರದಷ್ಟು ನಿಧಾನವಾಗಿ. ಒಬ್ಬ ಬೆವರಿದ, ಇನ್ನೊಬ್ಬ ಸೀನಿದ, ಜಗಳ ಮಾತ್ರ ನಿಂತಿತು. ಅವತ್ತಿನಿಂದ ಅವರು ಫಿಫ್ಟಿ-ಫಿಫ್ಟಿ ಸಾಹೇಬರು, ಬಾಯಲ್ಲಿ ಸವೆದು ಬರೀ ಫಿಫ್ಟಿ. ಅಡ್ಡಗೋಡೆ ಮೇಲೆ ದೀಪ ಇಡೋ ಇಂಥ ಕಲೆಗೆ ಸರ್ಕಾರದಲ್ಲಿ ಬಹಳ ಬೆಲೆ. ಬಡ್ತಿ ಮೇಲೆ ಬಡ್ತಿ ಬಂತು.

ಆಗ ಮೇಲಿನವರಿಗೊಂದು ಆಸೆ ಹುಟ್ಟಿತು. ಇಡೀ ರಾಜ್ಯಕ್ಕೆ ಒಂದೇ ನಕ್ಷೆ, ಕಂಪ್ಯೂಟರಿನಲ್ಲಿ, ಎಲ್ಲ ಇಲಾಖೆಗೂ ಅದೇ, ಜನರಿಗೂ ಅದೇ. ಆಸೆ ಒಳ್ಳೆಯದೇ ಬಿಡಿ. ಅಲ್ಲಿಯವರೆಗೆ ಪ್ರತಿ ಇಲಾಖೆಗೂ ತನ್ನದೇ ನಕ್ಷೆ ಇತ್ತು, ಅದನ್ನು ಇನ್ನೊಂದು ಇಲಾಖೆಗೆ ತೋರಿಸಿದರೆ ಮಾನ ಹೋಗುತ್ತೆ ಅನ್ನೋ ಹಾಗೆ ಬೀರುವಿನಲ್ಲಿ ಮುಚ್ಚಿಟ್ಟಿದ್ದರು. ಇವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಬೇಕಾದರೆ ಯಾರಿಗೂ ಬೇಡವಾಗದ ಮನುಷ್ಯ ಬೇಕು. ಫಿಫ್ಟಿ ಸಾಹೇಬರೇ ಬಂದು ಕೂತರು.

ಅಬ್ಬಬ್ಬಾ, ಆ ಸಭೆಗಳೋ! ಲೋಕೋಪಯೋಗಿಯವರು ನಕ್ಷೆ ಕೊಟ್ಟರು, ಪಾಸ್‌ವರ್ಡ್ ಕೊಡಲಿಲ್ಲ. ಅದು ಗೊತ್ತಿದ್ದವರು ನಿವೃತ್ತರಾಗಿದ್ದಾರಂತೆ. ಅರಣ್ಯದವರ ನಕ್ಷೆಯಲ್ಲಿ ಬಸ್ ನಿಲ್ದಾಣದ ಮೇಲೂ ಕಾಡು. ನೀರಾವರಿಯವರು ಬಿಸ್ಕತ್ತು ಮುಗಿಯುವವರೆಗೆ ಬಾಯಿ ಬಿಡಲಿಲ್ಲ, ಮುಗಿದ ಮೇಲೆ “ನಮ್ಮದೇ ಸರಿ” ಅಂದರು. ಎಲ್ಲ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಒಂದೇ ಹೊಳೆ ಎರಡು ಕಡೆ ಹರಿಯುತ್ತಿದೆ, ಕೆರೆಯ ಒಂದೇ ದಡಕ್ಕೆ ಎರಡು ಗೆರೆ.

ನಕ್ಷೆ ಜೋಡಿಸುವ ಹುಡುಗಿ ಕೇಳಿದಳು, “ಸಾರ್, ಯಾವ ಗೆರೆ ಇಟ್ಕೊಳ್ಳಲಿ?”

ಯಾರಾದರೂ ಹೋಗಿ ನೋಡಿ ಬಂದರೆ ಮುಗಿಯುತ್ತಿತ್ತು. ಕೆರೆ ಏನು ಓಡಿಹೋಗುತ್ತಾ? ಆದರೆ ಹೋಗಿ ನೋಡಿದರೆ ಒಂದು ಇಲಾಖೆ ತಪ್ಪು ಅಂತ ಆಗುತ್ತೆ. ತಪ್ಪು ಅಂತಾದ ಇಲಾಖೆ ಮುಖ ಊದಿಸಿಕೊಂಡು ಎದ್ದು ಹೋಗುತ್ತೆ. ಸಾಹೇಬರು ಎರಡೂ ಕಡೆ ಮುಖ ನೋಡಿದರು.

“ಮಧ್ಯದಲ್ಲಿ ಹಾಕಮ್ಮ” ಅಂದರು.

“ಎಲ್ಲಾ ಕಡೆನಾ ಸಾರ್?”

“ಎಲ್ಲಾ ಕಡೆ. ಯಾರಿಗೂ ಬೇಜಾರಾಗಬಾರದು.”

ಅವಳು ಗುಂಡಿ ಒತ್ತಿದಳು. ಇಡೀ ರಾಜ್ಯದಲ್ಲಿ ಎಲ್ಲೆಲ್ಲಿ ಎರಡು ಗೆರೆ ಇತ್ತೋ ಅಲ್ಲೆಲ್ಲ ಸರಿಯಾಗಿ ನಟ್ಟನಡುವೆ ಹೊಸ ಗೆರೆ ಎದ್ದಿತು. ನೀರಿಲ್ಲದಲ್ಲಿ ಹೊಳೆ, ಆಸ್ಪತ್ರೆಯ ಛಾವಣಿ ಮೇಲೆ ರಸ್ತೆ. ಯಾವ ಇಲಾಖೆಯೂ ಗೆಲ್ಲಲಿಲ್ಲ ಅಂತ ಎಲ್ಲ ಇಲಾಖೆಯೂ ಚಪ್ಪಾಳೆ ತಟ್ಟಿತು. ಮಂತ್ರಿಗಳು ಬಂದು ಉದ್ಘಾಟನೆ ಮಾಡಿದರು. ಇನ್ನು ಮುಂದೆ ಇದೊಂದೇ ನಕ್ಷೆ, ಹಳೆಯದೆಲ್ಲ ರದ್ದು ಅಂತ ಆದೇಶವೂ ಬಂತು. ಸಾಹೇಬರು ಹೂಗುಚ್ಛ ಹಿಡಿದ ಫೋಟೋವನ್ನು ಅಕ್ಕನಿಗೆ ಕಳಿಸಿದರು. ಅವಳು ಅದನ್ನು ಹೊಲಿಸಲು ಬಂದವರಿಗೆಲ್ಲ ತೋರಿಸಿದಳು.

ಒಂದು ಬೆಳಗ್ಗೆ ಅಕ್ಕನ ಫೋನ್ ಬಂತು. “ಪುಟ್ಟಾ, ಯಾರೋ ಬಂದು ಮನೆ ಒಳಗೆ ಕೆಂಪು ಬಣ್ಣ ಬಳಿದು ಹೋಗಿದ್ದಾರೆ ಕಣೋ. ಮನೆ ಕೆರೆಯಲ್ಲಿದೆಯಂತೆ, ಒಡೀತಾರಂತೆ. ನನ್ನ ತಮ್ಮನೇ ನಕ್ಷೆ ಮಾಡಿದ್ದು ಅಂದೆ. ಆ ನಕ್ಷೆ ನೋಡ್ಕೊಂಡೇ ಬಂದಿದೀವಿ ಅಮ್ಮಾ ಅಂದ್ರು.”

ಸಾಹೇಬರು ಓಡಿದರು. ಕೆಂಪು ಗೆರೆ ಪಕ್ಕದ ಗೋಡೆಯಿಂದ ಇಳಿದು, ನೆಲದ ಮೇಲೆ ಹರಿದು, ಟ್ರಂಕು ಹತ್ತಿ ಇಳಿದು, ಆಚೆ ಗೋಡೆ ಏರಿತ್ತು. ಯಂತ್ರ ಈಚೆ, ಒಲೆ ಆಚೆ. ಕೆರೆಯೋ, ಹಿತ್ತಿಲ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದರೆ ದೂರದಲ್ಲೆಲ್ಲೋ ಬೆಳ್ಳಗೆ ಕಾಣುತ್ತಿತ್ತು. ಸಾಹೇಬರು ಮೊಬೈಲ್ ತೆಗೆದರು. ನೀರಾವರಿಯ ದಡ ಅಲ್ಲಿ, ನೀರಿದ್ದಲ್ಲೇ. ಅರಣ್ಯದ ದಡ ಈ ಕಡೆ, ಮನೆ ಮುಂದಿನ ರಸ್ತೆ ದಾಟಿ ಅಷ್ಟೇ ದೂರ ಆಚೆ. ನಟ್ಟನಡುವೆ ಅಕ್ಕನ ಮನೆ.

“ಇದನ್ನ ಯಾರೋ ಅಳೆದದ್ದು?” ಅಕ್ಕ ಕೇಳಿದಳು.

“ಎಲ್ಲ ಇಲಾಖೆ ಸೇರಿ ಒಪ್ಪಿದ್ದು ಅಕ್ಕ.”

“ಒಪ್ಪಿದ್ದು ಕೇಳಲಿಲ್ಲ, ಅಳೆದದ್ದು ಯಾರು?”

ಸಾಹೇಬರು ಬಗ್ಗಿ ಟ್ರಂಕಿನ ಮೇಲಿನ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದರು.

“ಹೋಗಲಿ ಬಿಡು. ಒಂದು ಸಲ ಬಂದು ನೀರು ಎಲ್ಲಿದೆ ನೋಡ್ರಪ್ಪಾ ಅಂತ ಹೇಳು. ನೀನು ಹೇಳಿದ್ರೆ ಕೇಳ್ತಾರೆ. ಈ ಮನೆ ಬಿಟ್ರೆ ನಂಗೇನಿದೆ ಹೇಳು?”

“ಹೇಳ್ತೀನಿ ಅಕ್ಕ, ಖಂಡಿತ ಹೇಳ್ತೀನಿ.”

ಹೇಳಬೇಕಾಗಿದ್ದದ್ದು ಒಂದೇ ಮಾತು: ಈ ಗೆರೆ ಯಾರೂ ಅಳೆದದ್ದಲ್ಲ, ನಾನೇ ಮಧ್ಯದಲ್ಲಿ ಹಾಕಿಸಿದ್ದು. ಮುಂದಿನ ಸಭೆಯಲ್ಲಿ ಸಾಹೇಬರು ಎದ್ದು ನಿಂತರು. ನಿಜವಾಗಿಯೂ ನಿಂತರು, ಅಷ್ಟರಮಟ್ಟಿಗೆ ಮೆಚ್ಚಬೇಕು.

“ಒಂದು ಸಣ್ಣ ವಿಷಯ...” ಅಂದರು.

ಎಲ್ಲರೂ ತಲೆಯೆತ್ತಿದರು. ಅರಣ್ಯದ ದೊಡ್ಡವರು ಕನ್ನಡಕ ಮೂಗಿಗಿಳಿಸಿ, “ಏನ್ರೀ, ನಕ್ಷೆಯಲ್ಲಿ ಏನಾದ್ರೂ ತಪ್ಪಿದೆಯಾ?” ಅಂದರು.

ಸಾಹೇಬರು ಎರಡೂ ಕಡೆ ಮುಖ ನೋಡಿದರು. ಕಣ್ಣ ಮುಂದೆ ಅಕ್ಕನ ಒಲೆ ಬಂತು, ಅದರ ಪಕ್ಕದಲ್ಲೇ ಹೂಗುಚ್ಛದ ಫೋಟೋನೂ ಬಂತು.

“ಛೆ ಛೆ, ಇಲ್ಲ ಸಾರ್. ಟೀ ಸ್ವಲ್ಪ ತಣ್ಣಗಿದೆ ಅಂತ ಹೇಳೋಣ ಅಂತಿದ್ದೆ.”

ಬಿಸಿ ಟೀ ಬಂತು. ಎಲ್ಲರೂ ಕುಡಿದರು. ಥೂ, ಇವರ ಜನ್ಮಕ್ಕಿಷ್ಟು!

ಆಮೇಲೆ ಸಾಹೇಬರು ತಮಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈ ಹಾಕಿದರು. ಮನೆ ಒಡೆಸುವ ಅಧಿಕಾರಿಯ ಮನೆಗೆ ಹೋಗಿ ಹಲ್ಲು ಗಿಂಜಿದರು. ಅವನು ಪೂರ್ತಿ ಮನೆ ಕೆಡವಬೇಕು ಅಂತಿದ್ದವನು ಕೊನೆಗೆ ಗೆರೆಯಿಂದಾಚೆಯದು ಮಾತ್ರ ಅಂತ ಒಪ್ಪಿದ. ಸಾಹೇಬರು ಗೆದ್ದು ಬಂದವರ ಹಾಗೆ ಅಕ್ಕನ ಮನೆಗೆ ಬಂದರು.

“ಅಕ್ಕಾ, ಅರ್ಧ ಉಳಿಸಿದೀನಿ!”

ಅಕ್ಕ ಕೈಯಲ್ಲಿದ್ದ ಪುಟ್ಟ ಅಂಗಿಯ ಕಾಲರಿಗೆ ಹೊಲಿಗೆ ಹಾಕಿ ಮುಗಿಸಿದಳು, ಹಲ್ಲಿನಿಂದ ದಾರ ಕಡಿದಳು. ಬೈದಿದ್ದರೆ ಸಾಹೇಬರಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ಗೆರೆಯ ಈಚೆಗೆ ತಂದಿಟ್ಟಳು.

ಜೆಸಿಬಿ ಬಂತು, ಒಡೆಯಿತು, ಹೋಯಿತು. ಕತ್ತರಿಸಿದ ಜಾಗಕ್ಕೆ ಅಕ್ಕ ತಗಡು ಹೊಡೆಸಿ, ಅದರಲ್ಲೊಂದು ಬಾಗಿಲು ಇಡಿಸಿದಳು. ಮುಂದಿನ ಕೋಣೆಯಲ್ಲೇ ಸ್ಟೌ, ಅಲ್ಲೇ ಮಂಚ, ಅಲ್ಲೇ ಹೊಲಿಗೆ. ಬಿಸಿಲು ಕಾಲದ ಒಂದು ಭಾನುವಾರ ಸಾಹೇಬರು ಹಣ್ಣು ಹಿಡಿದುಕೊಂಡು ಹೋದರು. ಮುಂಬಾಗಿಲು ತಟ್ಟಿದರು.

“ಹಿಂದುಗಡೆಯಿಂದ ಬಾ” ಅಂದಳು ಅಕ್ಕ, ಒಳಗಿನಿಂದಲೇ.

ಸುತ್ತು ಹಾಕಿ ಹೋದರೆ, ಅಡುಗೆಮನೆ ಇದ್ದ ಜಾಗದಲ್ಲಿ, ಒಡೆದ ಇಟ್ಟಿಗೆ ನಡುವೆ, ಒಂದು ಸ್ಟೂಲು ಹಾಕಿತ್ತು. ತಗಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಂತ್ರ ಓಡುತ್ತಿತ್ತು.

“ಒಳಗೆ ಬರಲಾ ಅಕ್ಕ?”

“ಬೇಡ. ಅಲ್ಲೇ ಕೂತ್ಕೋ.”

ಸಾಹೇಬರು ಕೂತರು. ತಲೆ ಮೇಲೆ ಬಿಸಿಲು, ಕಾಲ ಕೆಳಗೆ ಧೂಳು. ಕೂತರು, ಬೆವರು ಒರೆಸಿಕೊಂಡರು, ಹಣ್ಣಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಕೊನೆಗೆ ತಡೆಯಲಾರದೆ, “ಅಕ್ಕಾ, ಒಂದು ಲೋಟ ನೀರು ಕೊಡ್ತೀಯಾ?” ಅಂದರು.

ಯಂತ್ರ ನಿಂತಿತು.

“ಕೆರೆಯಲ್ಲೇ ಕೂತಿದೀಯಲ್ಲೋ ಪುಟ್ಟಾ” ಅಂದಳು ಅಕ್ಕ. “ಬೊಗಸೆ ತುಂಬ ತಗೊಂಡು ಕುಡಿ.”